ಜೊಳ್ಳು ಆರಿಸುವವಳು

ಬೀಜದ ಗೋದಾಮಿನಲ್ಲಿ ಒಂಬತ್ತು ವರ್ಷ ಅವಳು ಕೂತದ್ದು ಒಂದೇ ಮೇಜಿನ ಮುಂದೆ. ಬೀಜ ಹರಡಿಕೊಂಡು ಸುಕ್ಕು ಬಿದ್ದದ್ದು, ಹುಳು ತಿಂದದ್ದು, ತಿರುಳಿಲ್ಲದ ಜೊಳ್ಳು, ಇವನ್ನೆಲ್ಲ ಆರಿಸಿ ಎಡಗಡೆಯ ಡಬ್ಬಿಗೆ ಹಾಕುವುದು ಅವಳ ಕೆಲಸ. ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಸಿಗುತ್ತಿತ್ತು. ಅವಳು ಆರಿಸಿದ ಚೀಲವನ್ನು ಮೇಲ್ವಿಚಾರಕ ಮತ್ತೆ ಬಿಚ್ಚಿ ನೋಡುತ್ತಿರಲಿಲ್ಲ.

ಈಗ ರಜೆ. ಮಗು ಹುಟ್ಟಿ ಏಳು ವಾರವಾಗಿತ್ತು. ಗಂಡ ಲಾರಿ ಓಡಿಸುವವನು, ಹೋದರೆ ಹತ್ತು ದಿನ ಬರುತ್ತಿರಲಿಲ್ಲ. ಮನೆಯಲ್ಲಿ ಇವಳು, ಮಗು, ಅತ್ತೆ. ತೂಕ ನೋಡಲು ಆರೋಗ್ಯ ಕೇಂದ್ರಕ್ಕೆ ಹೋದ ದಿನ ಇವಳು ಮಗುವನ್ನು ಬಿಟ್ಟು ಗೋಡೆ ನೋಡುತ್ತ ನಿಂತದ್ದನ್ನು ನರ್ಸ್ ಕಂಡಿದ್ದಳು. ಬಸುರಿ ಬಾಣಂತಿಯರ ಮನಸ್ಸಿನ ಬೇಗೆ ಇಳಿಸಲು ಗುರುವಾರ ಮಧ್ಯಾಹ್ನ ನಡೆಸುತ್ತಿದ್ದ ತರಗತಿಗೆ ಇವಳ ಹೆಸರನ್ನೂ ಸೇರಿಸಿದಳು.

"ಉಸಿರಾಡೋದು ಕಲಿಸ್ತಾರಂತೆ. ಇಷ್ಟು ವರ್ಷ ನಾವೆಲ್ಲ ಏನು ಮಾಡ್ತಿದ್ವೋ" ಎಂದಳು ಅತ್ತೆ. ಅಂದರೂ ಪ್ರತಿ ಗುರುವಾರ ಮಗುವನ್ನೆತ್ತಿಕೊಂಡು ಜೊತೆಗೆ ಬಂದು ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದಳು.

ಒಳಗೆ ಆರು ಚಾಪೆ, ಆರು ಹೆಂಗಸರು. "ಕಣ್ಣು ಮುಚ್ಚಿ, ಉಸಿರು ನೋಡ್ತಿರಿ. ಯೋಚನೆ ಬಂದ್ರೆ ಬರಲಿ, ಓಡಿಸೋಕೆ ಹೋಗಬೇಡಿ. ಒಡಹುಟ್ಟಿದ ತಂಗಿ ಅತ್ಕೊಂಡು ಬಂದ್ರೆ ಏನು ಹೇಳ್ತೀರೋ ಅದನ್ನೇ ನಿಮಗೂ ಹೇಳ್ಕೊಳ್ಳಿ" ಎಂದಳು ನರ್ಸ್.

"ನನ್ನ ತಂಗಿ ಬಂದ್ರೆ, ಹೋದ ಸಲ ಒಯ್ದ ಕೊಡೆ ಎಲ್ಲೇ ಅಂತೀನಿ" ಎಂದಳು ಎಂಟು ತಿಂಗಳ ಬಸುರಿ, ಬಟ್ಟೆ ಹೊಲಿಯುವವಳು. ಎಲ್ಲರೂ ನಕ್ಕರು. ಇವಳೂ ನಕ್ಕಳು, ತುಸು ತಡವಾಗಿ.

ಕೂತ ಮೊದಲ ದಿನವೇ ಅವಳಿಗೆ ಈ ಕೆಲಸ ತನಗೆ ಗೊತ್ತಿರುವುದೇ ಅನ್ನಿಸಿತು. ಹಾಲು ಸಾಲುತ್ತಿಲ್ಲ ಎಂಬ ಯೋಚನೆ ಬಂತು, ಎಡಕ್ಕೆ ಹಾಕಿದಳು. ತಾಯಿಯಾಗಲು ತಾನು ಲಾಯಕ್ಕಲ್ಲ, ಅದೂ ಎಡಕ್ಕೆ. ಸ್ನಾನದ ಟಬ್ಬಿನಲ್ಲಿ ಮಗುವನ್ನು ಕೈಬಿಟ್ಟರೆ? ಅದನ್ನು ಎಲ್ಲಕ್ಕಿಂತ ಬೇಗ ಹೆಕ್ಕಿ ಬಿಸಾಡಿದಳು. ಮನೆಯಲ್ಲೂ ದಿನಕ್ಕೆರಡು ಸಲ ಕೂತಳು. ನರ್ಸ್ ಕೇಳಿದಾಗ ಎರಡು ಸಲ ಎಂದೇ ಹೇಳಿದಳು. ನರ್ಸ್‌ಗೆ ಸಮಾಧಾನವಾಯಿತು.

ಗೋದಾಮಿನಲ್ಲಿ ಡಬ್ಬಿಗೆ ಬಿದ್ದದ್ದು ಮೇಜಿಗೆ ಮರಳುತ್ತಿರಲಿಲ್ಲ. ಇಲ್ಲಿ ಮರಳುತ್ತಿತ್ತು, ಅದರಲ್ಲೂ ಟಬ್ಬಿನದು. ಸೊಂಟ ನೋವೆಂದು ಹೇಳಿ ಅವಳು ಸ್ನಾನ ಮಾಡಿಸುವುದನ್ನು ಅತ್ತೆಗೆ ಬಿಟ್ಟಳು.

ತರಗತಿ ಶುರುವಾದ ಐದನೆಯ ವಾರದ ಒಂದು ಬೆಳಿಗ್ಗೆ ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದಾಗ ಮಗು ಕುತ್ತಿಗೆಯವರೆಗೆ ಹೇಸಿಗೆ ಮಾಡಿಕೊಂಡಿತು. ಅವಳು ಟಬ್ಬಿಗೆ ನೀರು ಹಾಕಿ, ಮೊಣಕೈ ಅದ್ದಿ ಬಿಸಿ ನೋಡಿದಳು. ಆ ಯೋಚನೆ ಬಂತು. ಕಣ್ಣು ಮುಚ್ಚಿ ಆರಿಸಲು ನೋಡಿದಳು. ಮನಸ್ಸಿನಲ್ಲಿ ಇದ್ದದ್ದು ಅದೊಂದೇ, ಉಳಿಸಿಕೊಳ್ಳಲು ಬೇರೇನೂ ಇರಲಿಲ್ಲ. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಬೀದಿಗೆ ಬಂದು ನಿಂತಳು.

"ಒಳಗೆ ಮಗು ಗಂಟಲು ಹರಿದುಕೊಳ್ತಿದೆ, ನೀನಿಲ್ಲಿ ಯಾವ ಮೆರವಣಿಗೆ ನೋಡ್ತಿದ್ದೀಯ?" ಎಂದಳು ಹಿಟ್ಟಿನ ಚೀಲ ಹೊತ್ತು ಬಂದ ಅತ್ತೆ.

"ನೀರಲ್ಲಿ ಕೈ ಬಿಟ್ಟುಬಿಡ್ತೀನೇನೋ ಅನ್ನಿಸುತ್ತೆ ಅತ್ತೆ. ಬಿಡಬೇಕು ಅಂತಲ್ಲ. ಅನ್ನಿಸುತ್ತೆ."

ಅತ್ತೆ ಚೀಲ ಇಳಿಸಿ ಒಳಗೆ ಹೋಗಿ ಮಗುವನ್ನು ತೊಳೆದಳು. ಒರೆಸುತ್ತ, "ನನ್ನ ಮಗನಿಗೆ ಹೇಳಬೇಡ" ಎಂದಷ್ಟೇ ಹೇಳಿದಳು. ಅಂದಿನಿಂದ ತೊಟ್ಟಿಲು ಅತ್ತೆಯ ಕೋಣೆಗೆ ಹೋಯಿತು. ಹಾಲು ಕುಡಿಸಲು ಮಾತ್ರ ಮಗುವನ್ನು ತಂದು, ಮುಗಿಯುವವರೆಗೂ ಎದುರಿಗೇ ನಿಂತಿರುತ್ತಿದ್ದಳು. ಇದೇ ಸರಿ ಎಂದುಕೊಂಡಳು ಸೊಸೆ. ಮಗುವಿಗೆ ತಾನಿಲ್ಲದಿದ್ದರೇ ಕ್ಷೇಮ.

ಗುರುವಾರ ತರಗತಿ ಮುಗಿದರೂ ಅವಳು ಚಾಪೆ ಬಿಟ್ಟೇಳಲಿಲ್ಲ. ನರ್ಸ್ ಪಕ್ಕದಲ್ಲಿ ಬಂದು ಕೂತಾಗ ಎಲ್ಲ ಹೇಳಿದಳು, ಎಡಗಡೆಯ ಡಬ್ಬಿಯನ್ನೂ. ಸಾಯಬೇಕು ಅನ್ನಿಸುತ್ತದೆಯೇ ಎಂದು ನರ್ಸ್ ನೇರವಾಗಿಯೇ ಕೇಳಿದಳು. "ಬೆಳಿಗ್ಗೆ ಎಚ್ಚರ ಆಗದಿದ್ರೆ ಚೆನ್ನಾಗಿತ್ತು ಅನ್ನಿಸುತ್ತೆ" ಎಂದಳು ಇವಳು.

"ತಪ್ಪು ನನ್ನದೂ ಇದೆ. ಎಷ್ಟು ಸಲ ಕೂತೆ ಅಂತ ಕೇಳಿದೆ, ಕೂತು ಏನು ಮಾಡ್ತೀಯ ಅಂತ ಕೇಳಲಿಲ್ಲ" ಎಂದು ನರ್ಸ್ ಎದ್ದು ಹೋಗಿ ಡಾಕ್ಟರಿಗೆ ಹೇಳಿ ಬಂದಳು. "ಇದು ಬರೀ ಚಾಪೆ ಮೇಲೆ ಕೂತ್ರೆ ಹೋಗೋದಲ್ಲ. ಇವತ್ತೇ ನೋಡ್ತಾರೆ."

ಆಮೇಲೆ ಅತ್ತೆಯನ್ನು ಒಳಗೆ ಕರೆದಳು. "ಇವಳನ್ನ ಒಬ್ಬಳೇ ಬಿಡಬೇಡಿ. ಆದ್ರೆ ಮಗೂನ ಕಿತ್ಕೊಳ್ಳಲೂಬೇಡಿ. ನೀವು ಪಕ್ಕದಲ್ಲಿರಿ, ಮಗು ಇವಳ ಮಡಿಲಲ್ಲಿರಲಿ."

"ಹೇಳೋದು ಸುಲಭ ಕಣಮ್ಮ. ಮನೇಲಿ ಕಣ್ಣಲ್ಲಿ ಕಣ್ಣಿಟ್ಟು ಕಾಯೋಳು ನಾನು."

"ಹೌದು, ನೀವೇ. ಆವತ್ತು ಬೀದಿಗೆ ಬಂದು ನಿಂತಳಲ್ಲ, ಅದೂ ಮಗೂನ ಕಾಯೋಕೇ."

ಅತ್ತೆ ಮಗುವಿನ ಹೊದಿಕೆ ಸರಿಮಾಡಿ ಹೊರಗೆ ನಡೆದಳು.

ಡಾಕ್ಟರ ಬಾಗಿಲು ಮುಚ್ಚಿತ್ತು. ಬೆಂಚಿನ ಮೇಲೆ ಇಬ್ಬರೂ ಕೂತರು. ಮಗು ಎದ್ದು ಮುಖ ಕಿವುಚಿತು. ಅತ್ತೆ ಸೊಸೆಯ ಕಡೆ ಬಹಳ ಹೊತ್ತು ನೋಡಿ, ಮಗುವನ್ನು ಅವಳ ಮಡಿಲಲ್ಲಿಟ್ಟಳು. ತಲೆಯ ಕೆಳಗಿನ ತನ್ನ ಕೈಯನ್ನು ಮಾತ್ರ ತೆಗೆಯಲಿಲ್ಲ.

"ಕೈ ತೆಗೀತೀರಾ ಅತ್ತೆ?"

"ತೆಗೀತೀನಿ. ಇವತ್ತಲ್ಲ."

ಅವಳು ತನ್ನ ಕೈಯನ್ನು ಆ ಕೈಯ ಕೆಳಗೆ ಕೊಟ್ಟಳು. ಮಗು ಎದೆಗೆ ಬಾಯಿ ಹಾಕಿತು. ಸ್ವಲ್ಪ ಹೊತ್ತಿಗೆ ಅವಳು ತಲೆಯೆತ್ತಿದಳು.

"ಬಂತು ಅತ್ತೆ. ಅದೇ ಯೋಚನೆ."

ಅತ್ತೆಯ ಬೆರಳು ಬಿಗಿಯಾದವು. ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ, ಬೆಂಚಿನ ಮೇಲೆ ಸೊಸೆಯ ಭುಜಕ್ಕೆ ತಾಗುವಷ್ಟು ಸರಿದಳು.

"ಬರಲಿ. ಕೂತಿದ್ದೀವಲ್ಲ" ಎಂದಳು. ಧ್ವನಿ ಗಟ್ಟಿಯಿರಲಿಲ್ಲ.