ಕಸ್ತೂರೆವ್ವನ ಕಾಲುಂಗುರ

ಯಂಕಂಚಿಯ ಕಸ್ತೂರೆವ್ವ ದಢೂತಿ ಹೆಂಗಸು. ಬಾಯಿ ಅದಕ್ಕಿಂತ ದೊಡ್ಡದು. ಯಾರಾದರೂ "ಆನಿ ಬಂತು" ಎಂದರೆ, "ಹೌದಪ್ಪ, ದಾರಿ ಬಿಡು" ಎನ್ನುವವಳು. ಆದರೆ ಐದು ವರ್ಷದಿಂದ ಬಾತ ಬಲಗಾಲಿನ ಮುಂದೆ ಆ ಬಾಯಿ ನಡೆಯಲಿಲ್ಲ. ಚರ್ಮ ಎಮ್ಮೆಯ ತೊಗಲಿನಷ್ಟು ದಪ್ಪವಾಗಿ, ಮಡಿಕೆಗಳಲ್ಲಿ ಬಿರಿದು ನೀರು ಜಿನುಗುತ್ತಿತ್ತು. ನೀರು ತಾಗಿದರೆ ಬಾವು ಏರುತ್ತದೆಂದು ಅತ್ತೆ ಶೆಟ್ಟೆವ್ವ ಕಾಲು ತೊಳೆಯಗೊಡದೆ ಬೂದಿ ಮೆತ್ತುತ್ತಿದ್ದಳು. ಬೆಳ್ಳಿಯ ಕಾಲುಂಗುರ ಬೆರಳಿನಲ್ಲಿ ಹೂತುಹೋಗಿತ್ತು.

ಒಂದು ದಿನ ಮತ್ತೆ ಚಳಿಜ್ವರ ಬಂತು, ಆ ವರ್ಷ ಮೂರನೆಯ ಸಲ. ಕಾಲು ಕೆಂಪೇರಿ ಸುಡತೊಡಗಿತು. ಗಂಡ ರೇವಪ್ಪ ಗಾಬರಿಬಿದ್ದು ನರ್ಸಬಾಯಿ ಲಾಲಬಿಯನ್ನು ಕರೆತಂದ.

"ಮೈಭಾರಕ್ಕ ಕಾಲಾಗಿನ ನೀರು ಮ್ಯಾಲ ಏರವಲ್ದು, ಅಲ್ಲೇ ನಿಂತೈತಿ" ಎಂದಳು ಲಾಲಬಿ. "ಚರ್ಮ ಬಿರದು ನಂಜು ಒಳಗ ಹೊಕ್ಕೈತಿ. ಇವತ್ತ ಸಿಂದಗಿ ದವಾಖಾನಿಗೆ ನಡೀರಿ, ತಡಾ ಮಾಡಿದ್ರ ಜೀವಕ್ಕ ಕುತ್ತು. ಮೊದಲ ಈ ಉಂಗುರ ಕತ್ತರಸ್ರಿ. ಬೆರಳು ಕೊಳ್ಯಾಕತ್ತೈತಿ."

ಶೆಟ್ಟೆವ್ವ ಸೊಸೆಯತ್ತ ತಿರುಗಿ ಎದೆ ಬಡಿದುಕೊಂಡಳು. "ಗಂಡ ಇದ್ದಾಗ ಕಾಲುಂಗುರ ತಗೀತಾರೇನ? ನನ್ನ ಮಗನ್ನ ನುಂಗಬೇಕಂತಿಯೇನ?"

ಕಸ್ತೂರೆವ್ವನಿಗೆ ಜ್ವರಕ್ಕಿಂತ ಸಿಟ್ಟು ಮೇಲೇರಿತು.

"ಅತ್ತೀ, ನಿಮ್ಮ ಮಗನ ಜೀವ ನನ್ನ ಬೆರಳಾಗ ಐತೇನ್ರಿ? ಹಂಗಾದ್ರ ಬೆರಳು ಕೊಳತ್ರ ಅವರ ಗತಿ ಏನ್ರಿ? ನಾ ಅಂತೂ ಸಾಯಾಂಗಿಲ್ಲ. ಮಂದಿ ಏನರ ಅನ್ನಲಿ, ಕತ್ತರಸ್ರಿ!"

ರೇವಪ್ಪ ಅವ್ವನ ಮುಖ ನೋಡಿದ, ಹೆಂಡತಿಯ ಕಾಲು ನೋಡಿದ, ಹೋಗಿ ಬೆಳ್ಳಿಬಂಗಾರದ ಕೆಲಸದ ಪತ್ತಾರ ಮಾನಪ್ಪನನ್ನು ಕರೆತಂದ. ಉಂಗುರ ತುಂಡಾಯಿತು. ಅದರಡಿಯ ಹುಣ್ಣು ಕಂಡು ಶೆಟ್ಟೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಾಡಿ ಹೂಡು ಎಂದವಳು ಅವಳೇ.

ಸಿಂದಗಿಯಲ್ಲಿ ಎಂಟು ದಿನ ಸೂಜಿ ಚುಚ್ಚಿಸಿಕೊಂಡು ಕಸ್ತೂರೆವ್ವ ಬದುಕಿ ಉಳಿದಳು. "ಬಾವು ಪೂರ್ತಿ ಹೋಗಾಂಗಿಲ್ಲ. ಚರ್ಮ ಜೋಪಾನ ಮಾಡಿದ್ರ ಕಾಲು ಉಳೀತೈತಿ" ಎಂದು ಲಾಲಬಿ ಹೇಳಿದ್ದಳು. ಈಗ ದಿನಾ ಸಾಬೂನು ಹಚ್ಚಿ ಕಾಲು ತೊಳೆದು, ಬೆರಳಸಂದಿ, ಮಡಿಕೆಗಳನ್ನೆಲ್ಲ ಒರೆಸಿ ಒಣಗಿಸುವವಳು ಶೆಟ್ಟೆವ್ವನೇ.

ಬಾವಿಕಟ್ಟೆಯಲ್ಲಿ ಯಾರೋ, "ಗಂಡ ಇದ್ದೂ ಬರಿಬೆರಳು!" ಎಂದು ಮೂಗು ಮುರಿದರು. ಕಸ್ತೂರೆವ್ವ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತಿದ್ದ ಅತ್ತೆ ಎದ್ದುನಿಂತಳು.

"ನನ್ನ ಮಗ ಹೊಲದಾಗ ಎತ್ತು ಹೂಡಿ ರಂಟಿ ಹೊಡ್ಯಾಕತ್ತಾನ, ಹೋಗಿ ನೋಡ್ರಿ! ನನ್ನ ಸೊಸಿ ಇಲ್ಲಿ ನೀರ ಸೇದಾಕತ್ತಾಳ, ಇಕಿನ್ನೂ ನೋಡ್ರಿ!"

ಅಕ್ಕಂದಿರೇ, ಅಣ್ಣಂದಿರೇ, ಕಾಲು ಬಾತರೆ ನಾಚಿ ಮುಚ್ಚಿಡಬೇಡಿ. ಬೂದಿ ಮೆತ್ತಬೇಡಿ, ಬರೆ ಎಳೆಯಬೇಡಿ. ತೊಳೆಯಿರಿ, ಒಣಗಿಸಿರಿ, ಕೂತಾಗ ಕಾಲು ಮೇಲಿಡಿ, ಬರಿಗಾಲಲ್ಲಿ ತಿರುಗಬೇಡಿ, ಮೈಭಾರ ಮೆಲ್ಲಗೆ ಇಳಿಸಿರಿ. ಕಾಲು ಕೆಂಪೇರಿ ಜ್ವರ ಬಂದರೆ ಅದೇ ದಿನ ದವಾಖಾನೆಗೆ ಹೋಗಿ. ಬೆರಳು ಬಿಗಿಯುವ ಉಂಗುರವನ್ನು ಕತ್ತರಿಸಿ ಹಾಕಿ. ಯಾರಾದರೂ ಆಡಿಕೊಂಡರೆ, ಯಂಕಂಚಿಯ ಶೆಟ್ಟೆವ್ವನನ್ನು ಕೇಳಿ ಬಾ ಎನ್ನಿ.