ಹಾಗಲಕಾಯಿ ಗೊಜ್ಜೂ ಒಂದು ವೈ ಅಕ್ಷರವೂ

ನನ್ನ ಅಮ್ಮ ಕೌಸಲ್ಯಾಗೆ ಎರಡು ವಿಷಯದಲ್ಲಿ ಅಪಾರ ನಂಬಿಕೆ: ಒಂದು ಹಾಗಲಕಾಯಿ ಗೊಜ್ಜು, ಇನ್ನೊಂದು ನಾನು ನಾಟಕ ಆಡುತ್ತೇನೆ ಎಂಬುದು. ಚೆಂಬೂರಿನ ನಮ್ಮ ಮನೆಯಲ್ಲಿ ಪ್ರತಿ ಶನಿವಾರ ಗೊಜ್ಜು. ನನಗೋ ಅದು ನಾಲಿಗೆಗೆ ತಾಗಿದರೆ ಸಾಕು, ಕಿವಿಯವರೆಗೂ ಕಹಿ. "ಬೆಲ್ಲ ಹಾಕಿದೀನಿ ಕಿಟ್ಟು, ಎಲ್ಲಿದೆಯೋ ಕಹಿ" ಎನ್ನುತ್ತಲೇ ಅಮ್ಮ ಬಡಿಸುತ್ತಾಳೆ. ಅಪ್ಪ ಎರಡು ಸಲ ಹಾಕಿಸಿಕೊಂಡು ಬೆರಳು ಚೀಪುತ್ತಾರೆ. ಇಂಥ ಅಪ್ಪ ಇದ್ದರೆ ಮಗನ ಮಾತನ್ನು ಯಾರು ನಂಬುತ್ತಾರೆ?

ನನ್ನ ಹೆಂಡತಿ ಧಾತ್ರಿಗೆ ಕುರ್ಲಾದ ಒಂದು ಜೀನ್ ಲ್ಯಾಬಿನಲ್ಲಿ ಕೆಲಸ. ಅವಳನ್ನು ಕಾಡಿ ಬೇಡಿ ನನ್ನ ಎಂಜಲನ್ನು ಪರೀಕ್ಷೆಗೆ ಕೊಟ್ಟೆ. ಕಹಿ ಜೋರಾಗಿ ತಾಗುವ ಗುಣ ನನ್ನ ಹುಟ್ಟಿನಲ್ಲೇ ಇದೆಯೆಂದು ಸಾಬೀತಾದರೆ ಗೊಜ್ಜಿನಿಂದ ಶಾಶ್ವತ ಬಿಡುಗಡೆ. ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ತಿನ್ನಬೇಕು. ಅಮ್ಮನ ಜೊತೆ ಆದ ಒಪ್ಪಂದ ಇದು. "ಎಂಜಲು ನೋಡಿ ಶಾಸ್ತ್ರ ಹೇಳ್ತಾರಂತೆ" ಎಂದು ಅವಳು ಮೂಗು ಮುರಿದಿದ್ದಳು.

ಶನಿವಾರ ಊಟಕ್ಕೆ ಕೂತಾಗ ಧಾತ್ರಿ ಮೊಬೈಲಿನಲ್ಲಿ ಫಲಿತಾಂಶ ತೋರಿಸಿದಳು. ಕಹಿಯ ಜೀನಿನ ಜಾಗದಲ್ಲಿ ಒಂದೇ ಇಂಗ್ಲಿಷ್ ಅಕ್ಷರ: ವೈ.

ನಾನು ಮೊಬೈಲು ಕಿತ್ತುಕೊಂಡೆ. "ಜೀನಿನಲ್ಲಿ ಎ, ಸಿ, ಜಿ, ಟಿ, ನಾಲ್ಕೇ ಅಕ್ಷರ ಅಂದಿದ್ದೆ ನೀನು. ಈ ವೈ ಎಲ್ಲಿಂದ ಬಂತು?"

"ಟೈಪಿಂಗ್ ತಪ್ಪು. ತಿನ್ನು" ಎಂದಳು ಅಮ್ಮ.

"ತಪ್ಪಲ್ಲ ಅತ್ತೆ," ಎಂದಳು ಧಾತ್ರಿ. "ಅಪ್ಪನಿಂದ ಒಂದಕ್ಷರ, ಅಮ್ಮನಿಂದ ಒಂದಕ್ಷರ ಬರತ್ತೆ. ಒಂದು ಸಿ, ಒಂದು ಟಿ ಬಂದ್ರೆ ಎರಡಕ್ಕೂ ಸೇರಿಸಿ ವೈ ಅಂತ ಬರೀತೀವಿ. ಅದರಲ್ಲಿ ಸಿ ಒಂದಿದ್ರೂ ಬಸ್, ಕಹಿ ಜೋರಾಗೇ ಗೊತ್ತಾಗತ್ತೆ."

ಗೆದ್ದೆ. ನನ್ನ ಗೊಜ್ಜನ್ನು ಅಪ್ಪನ ತಟ್ಟೆಗೆ ದಾಟಿಸಿದೆ.

"ಆ ಸಿ ನಿಮ್ಮಪ್ಪನ ಕಡೇದು" ಎಂದಳು ಅಮ್ಮ, ಸೋಲೊಪ್ಪದೆ.

ಬೆರಳು ಚೀಪುತ್ತಿದ್ದ ಮಾವನನ್ನು ಧಾತ್ರಿ ನೋಡಿದಳು. "ಟೆಸ್ಟ್ ಮಾಡದೆ ಪಕ್ಕಾ ಹೇಳೋಕಾಗಲ್ಲ. ಆದ್ರೆ ಮಾವ ತಿನ್ನೋದು ನೋಡಿದ್ರೆ ಅವರದ್ದು ಎರಡೂ ಟಿ, ಕಹಿ ಅಷ್ಟಾಗಿ ಗೊತ್ತಾಗಲ್ಲ ಅನ್ಸತ್ತೆ."

ಹಾಗಾದರೆ ಆ ಸಿ ಕೊಡಲು ಉಳಿದದ್ದು ಒಬ್ಬಳೇ. ಅಮ್ಮ ಎಲ್ಲರಿಗೂ ಬಡಿಸಿ, ಕೊನೆಗೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಣ್ಣುವವಳು. ಅವಳು ಗೊಜ್ಜು ತಿಂದದ್ದನ್ನು ಈ ಮನೆಯಲ್ಲಿ ಯಾರೂ ಕಂಡಿಲ್ಲ ಎಂದು ನನಗೆ ಆಗ ಹೊಳೆಯಿತು.

ಒಂದು ಚಮಚ ಗೊಜ್ಜು ಅವಳ ಮುಂದೆ ಹಿಡಿದೆ.

"ನಾನಿನ್ನೂ ಸಾರು ಬಡಿಸ್ಬೇಕು" ಎಂದಳು. ಸಾರು ಯಾರಿಗೂ ಬೇಕಿರಲಿಲ್ಲ. ಕೊನೆಗೆ ಕಣ್ಣುಮುಚ್ಚಿ ನುಂಗಿದಳು. ಮುಖ ಹಿಂಡಿದ ನಿಂಬೆಹೋಳಿನಂತಾಯಿತು. ನನಗೆ ಪಾಪವೂ ಅನಿಸಿತು, ನಗುವೂ ಬಂತು.

ಅಮ್ಮ ಒಂದು ಲೋಟ ನೀರು ಗಟಗಟ ಕುಡಿದಳು.

"ಚೆನ್ನಾಗೇ ಇದೆ. ಆದ್ರೆ ಈಗೀಗ ಒಳ್ಳೆ ಹಾಗಲಕಾಯಿ ಎಲ್ಲಿ ಸಿಗತ್ತೆ. ಮುಂದಿನ ವಾರದಿಂದ ಬೆಂಡೆಕಾಯಿ ತರೋಣ."

ಅಪ್ಪನ ಕೈ ಬಾಯಿಯ ಹತ್ತಿರವೇ ನಿಂತುಹೋಯಿತು.