ದೀಪದ ಹೊತ್ತಿನ ಹಿತ್ತಲ ಬಾಗಿಲು

ಗೌರಿಬಿದನೂರಿನಲ್ಲಿ ಕಿರ್ಸ್ಟನ್ ಎಂಬ ಹೆಸರು ಒಂದು ವಾರವೂ ಬಾಳಲಿಲ್ಲ. ವರ್ಷದ ಮಟ್ಟಿಗೆ ಓದಲೆಂದು ಡೆನ್ಮಾರ್ಕಿನಿಂದ ಬಂದ ಆ ಹದಿನೇಳರ ಹುಡುಗಿಯನ್ನು ಮೇಷ್ಟ್ರು ಸತ್ಯಮೂರ್ತಿಗಳ ಮನೆಯಲ್ಲಿ ಇರಿಸಿದ್ದರು. ಮೇಷ್ಟ್ರ ಹೆಂಡತಿ ಸಾವಿತ್ರಮ್ಮ ಹೆಸರನ್ನು ಬಾಯಲ್ಲಿ ಒಂದೆರಡು ಸಲ ಹೊರಳಿಸಿ ನೋಡಿ, "ಕಸ್ತೂರಿ ಅಂತ ಕರೀತೀನಿ ಕಣಮ್ಮ, ಬೇಜಾರ್ ಮಾಡ್ಕೋಬೇಡ" ಎಂದರು. ಅಂದಿನಿಂದ ಕಾಲೇಜಿನಲ್ಲೂ ಬೀದಿಯಲ್ಲೂ ಅವಳು ಕಸ್ತೂರಿಯೇ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಎಲ್ಲ ಕಲಿತಳು. ಜಡೆ ಹಾಕಿಸಿಕೊಂಡಳು, ಬಳೆ ತೊಟ್ಟಳು, ಹಿರಿಯರು ಬಂದರೆ ಎದ್ದು ನಿಂತಳು. ಊಟವೊಂದು ಕಷ್ಟವಾಯಿತು. ಬಂದ ಹೊಸದರಲ್ಲಿ ಚಮಚ ಕೇಳಿದ್ದಕ್ಕೆ ಸಾವಿತ್ರಮ್ಮ ಮನೆಯಲ್ಲಿದ್ದ ಚಮಚಗಳನ್ನೆಲ್ಲ ಅಟ್ಟಕ್ಕೆ ಹಾಕಿ, "ಕಲ್ತ್ಕೋ ಮಗ, ದೇವ್ರು ಕೈ ಸುಮ್ನೆ ಕೊಟ್ಟಿದಾನಾ?" ಎಂದು ನಕ್ಕಿದ್ದರು. ಅವಳು ಅನ್ನ ಕಲೆಸುವುದನ್ನು ನೋಡಲು ಅಕ್ಕಪಕ್ಕದವರು ಬಾಗಿಲಿಗೇ ಬಂದು ನಿಲ್ಲುತ್ತಿದ್ದರು. ಸಾರು ಮೊಣಕೈವರೆಗೆ ಇಳಿದರೆ ಕಿಸಕ್ಕೆಂದು ನಗು, ಇಳಿಯದಿದ್ದರೆ, "ನಮ್ಮೋಳೇ ಆಗ್ಬಿಟ್ಲು ನೋಡ್ರೀ!" ಆ ಮಾತಿಗೆ ಅವಳೂ ನಗಬೇಕು. ನಕ್ಕು ನಕ್ಕು ದವಡೆ ನೋಯುತ್ತಿತ್ತು. ಪ್ರೀತಿಯೇ, ಇಲ್ಲವೆಂದವರು ಯಾರು? ಆದರೆ ಪ್ರೀತಿಯನ್ನೂ ಆಗಾಗ ಕೆಳಗಿಳಿಸಿದರೆ ತಾನೆ, ಹೊತ್ತವರ ಕತ್ತಿಗೆ ಸುಖ?

ಹೀಗೆ ವರ್ಷ ಮುಗಿಯುತ್ತ ಬಂದಾಗ ಮೇಷ್ಟ್ರ ಮಗಳು ಪಂಕಜಳಿಗೆ ಗಂಡು ಗೊತ್ತಾಯಿತು. ನಿಶ್ಚಿತಾರ್ಥಕ್ಕೆ ದಿನವಿಟ್ಟರು. "ಆರತಿ ನಮ್ ಕಸ್ತೂರಿನೇ ಎತ್ತೋದು. ಪಂಕಜನ ತಂಗಿ ಅಲ್ವಾ ಅವ್ಳು" ಎಂದು ಸಾವಿತ್ರಮ್ಮ ಊರಿಗೆಲ್ಲ ಹೇಳಿಕೊಂಡು ಬಂದರು. ಹುಡುಗಿಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ವರ್ಷವಿಡೀ ಪಟ್ಟ ಪಾಡೆಲ್ಲ ಆ ತಟ್ಟೆಗಾಗಿಯೇ ಅನ್ನಿಸಿತು.

ನಿಶ್ಚಿತಾರ್ಥದ ಹಿಂದಿನ ಸಂಜೆ ಎದುರಿನ ಬಟ್ಟೆ ಅಂಗಡಿಯಿಂದ ಖಲೀಮುಲ್ಲಾ ಸಾಬರು ಕೂಗಿದರು. ಆ ಬೀದಿಗೆಲ್ಲ ಫೋನು ಇದ್ದದ್ದು ಅವರಲ್ಲೇ. ಸೀರೆಗಳ ರಾಶಿಯ ನಡುವೆ ನಿಂತು ಅವಳು ಅಪ್ಪನ ದನಿ ಕೇಳಿಸಿಕೊಂಡಳು. ಅಮ್ಮನ ಅಮ್ಮ, ಅವಳನ್ನು ಎತ್ತಿ ಆಡಿಸಿ ಬೆಳೆಸಿದ ಅಜ್ಜಿ, ಬೆಳಿಗ್ಗೆ ಹೋಗಿಬಿಟ್ಟಿದ್ದಳು.

"ಏನಮ್ಮಾ, ಮನೇಲಿ ಎಲ್ಲಾ ಖೈರಿಯತ್ತಾ?" ಸಾಬರು ಕೇಳಿದರು.

ಅವಳು ತಲೆಯಾಡಿಸಿ ನಕ್ಕಳು. ಅಭ್ಯಾಸಬಲ. ಮನೆಗೆ ಬಂದು ಸಾವಿತ್ರಮ್ಮನವರಿಗೂ ಅದನ್ನೇ ಹೇಳಿದಳು: "ಎಲ್ಲಾ ಚೆನ್ನಾಗಿದಾರಂತೆ ಅಮ್ಮ."

ಸುಳ್ಳಿಗೆ ಕಾರಣವಿತ್ತು. ದಸರೆಯಲ್ಲಿ ತೊಂಡೇಬಾವಿಯ ದಾಯಾದಿಯೊಬ್ಬರು ತೀರಿಕೊಂಡಾಗ ಈ ಮನೆಯಲ್ಲಿ ಬೊಂಬೆಯನ್ನೇ ಕೂರಿಸಿರಲಿಲ್ಲ. ಸೂತಕವಿದ್ದವರು ಶುಭಕಾರ್ಯಕ್ಕೆ ಕೈಹಾಕುವಂತಿಲ್ಲವೆಂದು ಪಂಕಜ ಆಗ ಬಿಡಿಸಿ ಹೇಳಿದ್ದಳು. ಈಗ ಬಾಯಿಬಿಟ್ಟರೆ ಆರತಿ ತಟ್ಟೆ ಹೋಯಿತು. ಬಿಡದಿದ್ದರೆ ಅಜ್ಜಿ?

ಅವಳ ಊರಿನಲ್ಲಿ ಯಾರಾದರೂ ಸತ್ತರೆ ಜೀವ ಹೊರಗೆ ಹೋಗಲೆಂದು ಕಿಟಕಿ ತೆರೆಯುತ್ತಾರೆ. ಅಮ್ಮ ತೆರೆದಳೆಂದು ಅಪ್ಪ ಹೇಳಿದ್ದ. ತಾನೂ ತೆರೆಯದಿದ್ದರೆ ಅಜ್ಜಿ ತನ್ನಲ್ಲೇ ಎಲ್ಲೋ ಸಿಕ್ಕಿಕೊಂಡು ಉಸಿರುಗಟ್ಟುತ್ತಾಳೆ ಎನ್ನಿಸಿತು ಹುಡುಗಿಗೆ. ಅವಳು ಮಲಗುವ ಕೋಣೆಗೆ ಕಿಟಕಿಯಿರಲಿಲ್ಲ. ಹಜಾರದ ತುಂಬ ನೆಂಟರು. ಹಿಂದಕ್ಕೆ ನಡೆದು ಹಿತ್ತಲ ಬಾಗಿಲಿನ ಚಿಲಕ ತೆಗೆದು, ಎರಡೂ ಕದಗಳನ್ನು ಗೋಡೆಗೆ ತಾಗುವಂತೆ ತಳ್ಳಿದಳು. ಹಿಂದೂಪುರದ ಕಡೆಯ ರೈಲು ಕೂಗುತ್ತಿತ್ತು.

ಸಾವಿತ್ರಮ್ಮ ಆಗ ತಾನೇ ದೇವರಿಗೆ ದೀಪ ಹಚ್ಚಿ, ಲಕ್ಷ್ಮಿ ಬರಲೆಂದು ಮುಂಬಾಗಿಲು ತೆರೆದು ಬಂದಿದ್ದರು. ಹಿಂದಿನಿಂದ ಬೀಸಿದ ಗಾಳಿಗೆ ದೀಪ ಹೊಯ್ದಾಡಿತು.

"ಅಯ್ಯೋ, ದೀಪ ಹಚ್ಚೋ ಹೊತ್ತಲ್ಲಿ ಹಿತ್ಲು ಬಾಗ್ಲು ತೆಗೀತಾರೇನೇ! ಬಂದ ಲಕ್ಷ್ಮಿ ಹಿಂಗೇ ಹೊರಟ್ಹೋಗ್ತಾಳೆ! ನಾಳೆ ಮನೇಲಿ ಶುಭಕಾರ್ಯ ಇಟ್ಕೊಂಡು..." ಅವರು ಕದಕ್ಕೆ ಕೈಹಾಕಿದರು.

ಹುಡುಗಿ ಅಡ್ಡ ನಿಂತಳು. ಒಂದು ವರ್ಷದಲ್ಲಿ ಯಾರಿಗೂ ಅಡ್ಡ ನಿಂತವಳಲ್ಲ. ಬಾಯಿಂದ ಮೊದಲು ಅವಳ ಭಾಷೆಯೇ ಬಂತು, ಆಮೇಲೆ ಅಳು, ಕೊನೆಗೆ ಹರಕು ಮುರುಕು ಕನ್ನಡ: ಅಜ್ಜಿ, ಸಾವು, ಫೋನು, ಹೋಗಬೇಕು, ದಾರಿ.

ಸಾವಿತ್ರಮ್ಮ ಕದದಿಂದ ಕೈ ತೆಗೆದರು. "ನಿಮ್ಮಜ್ಜಿ ಹೋಗಕ್ಕೆ ಎಷ್ಟ್ ಹೊತ್ತು ಬೇಕೇ?" ಎಂದು ಕೇಳಿದರು.

"ಗೊತ್ತಿಲ್ಲಮ್ಮ."

"ಹಂಗಾದ್ರೆ ತೆಗ್ದೇ ಇರ್ಲಿ ಬಿಡು. ಲಕ್ಷ್ಮೀನ ನಾನ್ ಹೆಂಗೋ ಒಪ್ಪಿಸ್ಕೋತೀನಿ." ಸೆರಗಿನಿಂದ ಅವಳ ಮುಖ ಒರೆಸಲು ಚಾಚಿದ ಕೈಯನ್ನು ಅಲ್ಲೇ ತಡೆದರು. "ನಾಳೆ ಆರತಿಗೆ ಮಾತ್ರ ನೀನು ಬರೋಹಂಗಿಲ್ಲ ಮಗ."

"ಅಜ್ಜಿ ನಿಮ್ ಕಡೆಯವ್ರಲ್ಲ ಅಲ್ವಾ? ನಾನು ಈ ಮನೆ ಹುಡುಗಿ ಅಂದ್ರಿ..."

"ಅಂದೆ. ಈಗ್ಲೂ ಅಂತೀನಿ. ನಮ್ಗೆ ಸೂತಕ ಇಲ್ಲ, ನಿಂಗಿದೆ. ಹೆತ್ತವಳನ್ನ ಹೆತ್ತೋಳು ಕಣೇ ಅವ್ಳು! ಅವ್ಳಿಗೆ ಒಂದು ತಂಬಿಗೆ ನೀರು ಹುಯ್ಕೊಳ್ದೆ ಇಲ್ಲಿ ಆರತಿ ಎತ್ತಿದ್ರೆ ನೀನು ಯಾರ್ ಮಗಳೂ ಆಗಲ್ಲ."

ಹಿತ್ತಲ ಕಲ್ಲಿನ ಮೇಲೆ ಅವಳನ್ನು ಕೂರಿಸಿ, ಉಟ್ಟ ಬಟ್ಟೆಯಲ್ಲೇ ತಲೆಗೆ ತಣ್ಣೀರು ಸುರಿದರು. ಅವಳು ನಡುಗುತ್ತ ಜೋರಾಗಿ ಅತ್ತಳು. ಯಾರೂ ಸುಮ್ಮನಿರು ಎನ್ನಲಿಲ್ಲ.

ಮರುದಿನ ಹಜಾರದಲ್ಲಿ ಓಲಗ, ನಗು. ಆರತಿಯನ್ನು ಯಾರದೋ ಮಗಳು ಎತ್ತಿದಳು. "ಎಲ್ರೀ ನಿಮ್ ಫಾರಿನ್ ಹುಡುಗಿ?" ಎಂದು ಕೇಳಿದವರಿಗೆ ಸಾವಿತ್ರಮ್ಮ, "ಅವ್ರಜ್ಜಿ ಹೋಗಿದಾರೆ. ಅವ್ಳನ್ನ ಅವ್ಳ ಪಾಡಿಗೆ ಬಿಡಿ" ಎನ್ನುತ್ತಿದ್ದುದು ಒಳಗಿನ ಕೋಣೆಗೆ ಕೇಳಿಸುತ್ತಿತ್ತು. ಹೊಟ್ಟೆ ಉರಿಯಿತು, ಪಂಕಜಳ ಪಕ್ಕದಲ್ಲಿ ತಾನಿರಬೇಕಿತ್ತು. ಆದರೆ ದವಡೆ ನೋಯುತ್ತಿರಲಿಲ್ಲ.

ಮಧ್ಯಾಹ್ನ ಸಾವಿತ್ರಮ್ಮನವರೇ ಎಲೆ ತಂದಿಟ್ಟು ಅವಸರದಲ್ಲಿ ಹೊರಟುಹೋದರು. ಹೋಳಿಗೆಯಿಲ್ಲ, ಪಾಯಸವಿಲ್ಲ, ಬರೀ ಅನ್ನ, ಸಾರು, ಮಜ್ಜಿಗೆ. ಎಲೆಯ ಪಕ್ಕದಲ್ಲಿ ಅಟ್ಟದಿಂದ ಇಳಿಸಿ, ಬೆಳಗಿ ತೊಳೆದ ಒಂದು ಚಮಚ.

ಅವಳು ಅದನ್ನೇ ನೋಡುತ್ತ ಕುಳಿತಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಚಮಚವನ್ನು ಮೆಲ್ಲಗೆ ಬದಿಗೆ ಸರಿಸಿ, ಕೈಯಲ್ಲೇ ಅನ್ನ ಕಲೆಸಿದಳು.